ತುಮಕೂರು ಸೀಮೆಯಲ್ಲಿ ಸಂಸ್ಥೆಗಳ ಹಸ್ತಾಂತರ: ಮೌಲ್ಯನಿರ್ಣಯದ ಒಂದು ಸಮಸ್ಯೆ

ಮಧ್ಯಮ ಪ್ರಮಾಣದ ಸಂಸ್ಥೆಯೊಂದು ಕೈ ಬದಲಾಗುವಾಗ ಅದರ ಬೆಲೆ ಕಟ್ಟಲು ನೆರವಾಗುವವನು ಹಣಕಾಸಿನ ಸಲಹೆಗಾರ. ಆತನ ಲೆಕ್ಕ ಮುಖ್ಯವಾಗಿ ಮೂರು ಬಗೆಯದು: ಇರುವ ಸ್ವತ್ತಿನ ಬೆಲೆ, ಮುಂದೆ ಬರಬಹುದಾದ ಆದಾಯದ ಇಂದಿನ ಬೆಲೆ, ಅಂಥವೇ ಇತರ ಸಂಸ್ಥೆಗಳು ಮಾರಾಟವಾದ ದರ. 2013ರ ಕಂಪೆನಿ ಕಾಯಿದೆಯ 247ನೆಯ ಪ್ರಕರಣವು ಆ ಕಾಯಿದೆಗೆ ಅಗತ್ಯವಾದ ಮೌಲ್ಯಮಾಪನವನ್ನು ನೋಂದಾಯಿತ ಮೌಲ್ಯಮಾಪಕರಿಗೆ ವಹಿಸಿದೆ. ಈ ವೃತ್ತಿ ಹೊಸದು. ಅದು ಎದುರಿಸುವ ಪ್ರಶ್ನೆ ಹಳೆಯದು. ಇದನ್ನು ಮೂರು ನಿದರ್ಶನಗಳಿಂದ ಪರಿಶೀಲಿಸಬಹುದು.

ಮೊದಲನೆಯದು ಗುಬ್ಬಿಯದು. 1884ರಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯ ಒಡೆತನ 1917ರಲ್ಲಿ ವೀರಣ್ಣನವರಿಗೆ ಬಂದಿತು. ಪರದೆ, ವೇಷಭೂಷಣಗಳಿಗೆ ಬೆಲೆ ಕಟ್ಟಬಹುದು. ಆದರೆ ಕಂಪೆನಿಯ ನಿಜವಾದ ಬಂಡವಾಳ ಕಲಾವಿದರ ಕಂಠವೂ ಅಭ್ಯಾಸವೂ ಆಗಿದ್ದವು. ವೀರಣ್ಣನವರು ಬಾಲ್ಯದಲ್ಲಿಯೇ ಆ ಕಂಪೆನಿಯನ್ನು ಸೇರಿ ಅಲ್ಲಿ ಬೆಳೆದವರು. ಆದುದರಿಂದ ಒಡೆತನದೊಡನೆ ಒಳಗಿನ ತಿಳಿವಳಿಕೆಯೂ ಉಳಿಯಿತು. 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಆಡಿದ್ದು ಇದೇ ಕಂಪೆನಿ.

ಎರಡನೆಯದು ಕುಣಿಗಲಿನ ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಇದನ್ನು ಸರಕಾರವು 1992ರಲ್ಲಿ ಮೂವತ್ತು ವರ್ಷಗಳ ಅವಧಿಗೆ ಖಾಸಗಿ ಗುತ್ತಿಗೆಗೆ ಕೊಟ್ಟಿತು. ಇಲ್ಲಿ ಕೈ ಬದಲಾದದ್ದು ಒಡೆತನವಲ್ಲ, ಅನುಭೋಗ ಮಾತ್ರ. ಗುತ್ತಿಗೆದಾರನು ಉಳಿದ ವರ್ಷಗಳ ಲಾಭವನ್ನಷ್ಟೇ ಎಣಿಸಬಲ್ಲನು. ತಳಿಯ ಸುಧಾರಣೆಯಾದರೋ ತಲೆಮಾರುಗಳ ಕೆಲಸ. ಅವಧಿ ಮುಗಿಯುತ್ತ ಬಂದಂತೆ ಹೊಸ ಬಂಡವಾಳ ಹೂಡುವ ಕಾರಣವೂ ಕ್ಷೀಣಿಸುವುದು ಇಂಥ ಒಪ್ಪಂದಗಳ ಸಹಜ ದೋಷ.

ಮೂರನೆಯದು ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ. ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟವು 2016ರ ಜನವರಿಯಲ್ಲಿ ಒಪ್ಪಿತು. ನೌಕರರಿಗೆ 2007ರ ವೇತನಶ್ರೇಣಿಯ ಆಧಾರದ ಮೇಲೆ ಸ್ವಯಂನಿವೃತ್ತಿಯ ಪರಿಹಾರ ನಿಗದಿಯಾಯಿತು. ತುಮಕೂರಿನ ಜಮೀನು ಇಸ್ರೋ ಸಂಸ್ಥೆಗೆ ಸಂದಿತು. ಜಮೀನಿಗೆ ಬೆಲೆಯೂ ದೊರೆಯಿತು, ಹೊಸ ಉಪಯೋಗವೂ ದೊರೆಯಿತು. ಕೂದಲೆಳೆಯಷ್ಟು ಅಂತರವನ್ನು ಕಣ್ಣಳತೆಯಲ್ಲಿ ಹಿಡಿಯುತ್ತಿದ್ದ ಕೈಗಳ ಕುಶಲತೆಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಕಲಮೇ ಇರಲಿಲ್ಲ.

ಈ ಮೂರನ್ನು ಹೋಲಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಸ್ವತ್ತು ಪತ್ರದ ಮೂಲಕ ವರ್ಗವಾಗುತ್ತದೆ. ಕಸಬು ಮನುಷ್ಯರ ಮೂಲಕ ಮಾತ್ರ ವರ್ಗವಾಗುತ್ತದೆ. ಗುಬ್ಬಿಯಲ್ಲಿ ಎರಡೂ ಒಂದೇ ಕೈಗೆ ಬಂದವು, ತುಮಕೂರಿನಲ್ಲಿ ಅಗಲಿದವು. ಆದುದರಿಂದ ಸಲಹೆಗಾರನು ಬೆಲೆ ಹೇಳುವ ಮುನ್ನ, ಕ್ರಯಪತ್ರಕ್ಕೆ ಸಹಿಯಾದ ಮರುದಿನ ಕೆಲಸಕ್ಕೆ ಬರುವವರು ಯಾರೆಂಬುದನ್ನು ವಿಚಾರಿಸುವುದು ಯುಕ್ತ.