ಐದು ಮೈಕುಗಳ ಭಾರ

ರ‍್ಯಾಪ್ ಎಂದೊಡನೆ ನಮ್ಮಲ್ಲಿ ಅನೇಕರು ಕಿವಿ ಮುಚ್ಚಿಕೊಳ್ಳುತ್ತಾರೆ. ರಾಗವಿಲ್ಲ, ಆಲಾಪನೆಯಿಲ್ಲ, ತಾಳಕ್ಕೆ ಸರಿಯಾಗಿ ಮಾತು ಸುರಿಯುವುದೂ ಒಂದು ಸಂಗೀತವೇ ಎಂಬುದು ಅವರ ಆಕ್ಷೇಪ. ಆದರೆ ಈ ಕಲೆಗೂ ಅದನ್ನು ಬಲ್ಲ ವಿಮರ್ಶಕರುಂಟು. ಅವರ ತೀರ್ಪಿನಿಂದ ಒಬ್ಬ ಕಲಾವಿದನ ಬಾಳು ಯಾವ ತಿರುವು ಪಡೆಯಿತೆಂಬುದು ಕೇಳತಕ್ಕ ಕಥೆ.

1994ರ ಏಪ್ರಿಲ್ 19ರಂದು ಅಮೆರಿಕದಲ್ಲಿ ‘ಇಲ್‌ಮ್ಯಾಟಿಕ್’ ಎಂಬ ಆಲ್ಬಮ್ ಹೊರಬಂದಿತು. ಹಾಡಿದವನು ನಾಸ್, ಪೂರ್ಣ ಹೆಸರು ನಾಸಿರ್ ಜೋನ್ಸ್, ವಯಸ್ಸು ಇಪ್ಪತ್ತು. ತಂದೆ ಓಲು ದಾರಾ ಹೆಸರಾಂತ ಜಾಝ್ ವಾದಕರು. ಮಗನಾದರೋ ಎಂಟನೆಯ ತರಗತಿಗೇ ಶಾಲೆಗೆ ಶರಣು ಹೊಡೆದವನು. ಬೆಳೆದದ್ದು ನ್ಯೂಯಾರ್ಕ್ ನಗರದ ಕ್ವೀನ್ಸ್‌ಬ್ರಿಡ್ಜ್ ಎಂಬ ಸರ್ಕಾರಿ ವಸತಿಯಲ್ಲಿ. ಮೂರು ಸಾವಿರಕ್ಕೂ ಮಿಕ್ಕ ಮನೆಗಳ ಆ ಬಡಾವಣೆಯನ್ನು 1980ರ ದಶಕದಲ್ಲಿ ಕ್ರ್ಯಾಕ್ ಎಂಬ ಮಾದಕ ವಸ್ತು ಹಿಂಡಿಹಾಕಿತ್ತು. ನಾಸ್ ಅದನ್ನು ವೈಭವೀಕರಿಸಲು ಹೋಗಲಿಲ್ಲ, ಉಪದೇಶಕ್ಕೂ ಇಳಿಯಲಿಲ್ಲ. ಕಿಟಕಿಯ ಬಳಿ ಕುಳಿತು ಕಂಡವನಂತೆ ಹೇಳಿದ. ಒಂದು ಹಾಡಂತೂ ಸೆರೆಮನೆಯಲ್ಲಿರುವ ಗೆಳೆಯನಿಗೆ ಬರೆದ ಕಾಗದ: ನಿನಗೆ ಮಗ ಹುಟ್ಟಿದ್ದಾನೆ, ನಿನ್ನ ಹಾಗೆಯೇ ಇದ್ದಾನೆ ಎಂಬ ಸುದ್ದಿ ಅದರಲ್ಲಿದೆ. ಇನ್ನೊಂದರ ಕೊನೆಯಲ್ಲಿ ತಂದೆಯ ಕಾರ್ನೆಟ್ ಮೊಳಗುತ್ತದೆ. ಎಲ್ಲ ಸೇರಿ ನಲವತ್ತು ನಿಮಿಷವೂ ಇಲ್ಲ.

ಹಿಪ್-ಹಾಪ್ ಲೋಕದಲ್ಲಿ ಆಗ ‘ದಿ ಸೋರ್ಸ್’ ಪತ್ರಿಕೆಯ ಮಾತೇ ಮಾತು. 1988ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ಯಾರ್ಥಿಗಳು ಚಿಕ್ಕ ಸುದ್ದಿಪತ್ರವಾಗಿ ಆರಂಭಿಸಿದ್ದು ಅದು. ನಕ್ಷತ್ರಗಳಿಗೆ ಬದಲು ಅದು ಮೈಕುಗಳನ್ನು ಕೊಡುತ್ತಿತ್ತು. ಐದು ದೊರೆತರೆ ಮೇರುಕೃತಿ ಎಂದರ್ಥ. ಅಷ್ಟನ್ನೂ ಕೊಡಲು ಸಂಪಾದಕರು ಬಹಳ ಹಿಂದೆಗೆಯುತ್ತಿದ್ದರು. ಆದರೂ ‘ಶಾರ್ಟಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಮಿನ್ಯಾ ಓ ಎಂಬ ತರುಣಿಯ ವಿಮರ್ಶೆ ಈ ಚೊಚ್ಚಲ ಕೃತಿಗೆ ಐದನ್ನೂ ಕೊಟ್ಟಿತು.

ಪೇಟೆ ಮಾತ್ರ ಅಷ್ಟು ಉದಾರಿಯಾಗಲಿಲ್ಲ. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿ ನಿಂತಿತು. ಐದು ಲಕ್ಷ ಪ್ರತಿಗಳ ಮನ್ನಣೆ ಸಿಕ್ಕಿದ್ದು 1996ರಲ್ಲಿ, ಹತ್ತು ಲಕ್ಷದ್ದು 2001ರಲ್ಲಿ.

ಇನ್ನು ವಿಪರ್ಯಾಸ ನೋಡಿ. 1996ರಲ್ಲಿ ಬಂದ ಅವನ ಎರಡನೆಯ ಆಲ್ಬಮ್ ನೇರವಾಗಿ ಮೊದಲ ಸ್ಥಾನಕ್ಕೇ ಏರಿತು. ಜನ ಮುಗಿಬಿದ್ದು ಕೊಂಡರು. ಆಗ ಮುಖ ಸಿಂಡರಿಸಿದವರು ವಿಮರ್ಶಕರು! ‘ಇಲ್‌ಮ್ಯಾಟಿಕ್’ನ ನಾಸ್ ಎಲ್ಲಿ, ಈ ಥಳಕು ಎಲ್ಲಿ ಎಂದರು. ಅಂದಿನಿಂದ ಅವನು ಏನೇ ಹಾಡಲಿ, ಇಪ್ಪತ್ತರ ಹುಡುಗನೊಡನೆ ತೂಗಿ ನೋಡುವುದೇ ವಾಡಿಕೆಯಾಯಿತು. 2001ರಲ್ಲಿ ಪ್ರತಿಸ್ಪರ್ಧಿ ಜೇ-ಝೀ ಚುಚ್ಚಿದ್ದೂ ಇದೇ ಜಾಗಕ್ಕೆ. ಅದೇ ವರ್ಷ ನಾಸ್ ತನ್ನ ಹೊಸ ಆಲ್ಬಮ್ಮಿಗೆ ‘ಸ್ಟಿಲ್‌ಮ್ಯಾಟಿಕ್’ ಎಂದು ಹೆಸರಿಟ್ಟ. ತಾನು ಇನ್ನೂ ಅವನೇ ಎಂದು ಸಾಕ್ಷಿ ಹೇಳಬೇಕಾಯಿತಲ್ಲ! ವಿಮರ್ಶಕರ ಹೊಗಳಿಕೆ ಸುಳ್ಳಾಗಿತ್ತೆಂದು ನಾನು ಹೇಳಲಾರೆ. ಮೊದಲು ಗುರುತಿಸಿದ ಕಣ್ಣು ಅವರದೇ. ಆದರೆ ಕಲಾವಿದನಿಗೆ ಬೆಳೆದು ಬೇರೆಯಾಗುವ ಹಕ್ಕಿದೆಯೆಂಬುದನ್ನು ಅವರಲ್ಲಿ ಕೆಲವರು ಮರೆತರು.

2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಒಂದು ಸಂಶೋಧನ ವೇತನವನ್ನು ಪ್ರಕಟಿಸಿತು. 2014ರಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ ನ್ಯಾಷನಲ್ ಸಿಂಫನಿ ವಾದ್ಯವೃಂದದೊಡನೆ ನಾಸ್ ‘ಇಲ್‌ಮ್ಯಾಟಿಕ್’ ಹಾಡಿದ. 2021ರ ಮಾರ್ಚಿನಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ಅದನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ಅದೇ ತಿಂಗಳು, 47ನೆಯ ವಯಸ್ಸಿನಲ್ಲಿ, ಅವನಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಅದು ಬಂದದ್ದು ಹಿಂದಿನ ವರ್ಷದ ‘ಕಿಂಗ್ಸ್ ಡಿಸೀಸ್’ ಎಂಬ ಹೊಸ ಆಲ್ಬಮ್ಮಿಗೆ.