ರಂಗನಿರ್ವಾಹಕನೂ ನಟಸಂಘವೂ

ಪಾಶ್ಚಾತ್ಯ ರಂಗಭೂಮಿಯ ಚರಿತ್ರೆಯನ್ನು ಬರೆದವರು ನಾಟಕಕರ್ತರನ್ನೂ ನಟರನ್ನೂ ಕುರಿತು ಬರೆದಷ್ಟು ವಿಸ್ತಾರವಾಗಿ ತೆರೆಯ ಹಿಂದೆ ದುಡಿಯುವವರನ್ನು ಕುರಿತು ಬರೆದಿಲ್ಲ. ‘ಸ್ಟೇಜ್ ಮ್ಯಾನೇಜರ್’ ಎನ್ನಿಸಿಕೊಳ್ಳುವವನು ಅಂಥವರಲ್ಲೊಬ್ಬನು. ಅಭ್ಯಾಸದ ಹೊತ್ತನ್ನು ಗೊತ್ತುಮಾಡುವುದು, ಪಾತ್ರಗಳ ಪ್ರವೇಶಕ್ಕೂ ದೀಪಗಳ ಬದಲಾವಣೆಗೂ ಸೂಚನೆ ಕೊಡುವುದು, ಮೊದಲ ದಿನದ ಪ್ರಯೋಗವು ಹೇಗಿದ್ದಿತೋ ನೂರನೆಯ ದಿನವೂ ಹಾಗೆಯೇ ಇರುವಂತೆ ನೋಡಿಕೊಳ್ಳುವುದು, ಇವು ಅವನ ಕೆಲಸ. ಇವನಿಗೆ ನಮ್ಮ ‘ಸೂತ್ರಧಾರ’ನ ಹೆಸರು ಒಪ್ಪುವುದೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಸೂತ್ರಧಾರನು ರಂಗಕ್ಕೆ ಬಂದು ಮಾತನಾಡುವವನು; ಇವನು ಕಾಣದೆ ಇರುವುದೇ ಇವನ ಕೆಲಸದ ಲಕ್ಷಣ. ಆದಕಾರಣ ಇಲ್ಲಿ ‘ರಂಗನಿರ್ವಾಹಕ’ ಎಂಬ ಮಾತನ್ನು ಬಳಸಿದೆ. ಇಂಥವನು ವೃತ್ತಿಸಂಘವನ್ನು ಯಾವಾಗ ಸೇರತಕ್ಕದ್ದು ಎಂಬ ಪ್ರಶ್ನೆಯು ಅಮೆರಿಕಾ ಇಂಗ್ಲೆಂಡುಗಳಲ್ಲಿ ಹುಟ್ಟಿ ರೂಪಾಂತರ ಹೊಂದಿದ ಬಗೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಆಗ ರಂಗನಿರ್ವಾಹಕನು ಯಜಮಾನನ ಕಡೆಯವನು. ಇಂದು ನಿರ್ದೇಶಕನು ಮಾಡುವ ಕೆಲಸದ ಬಹುಭಾಗವನ್ನು ಅವನೇ ಮಾಡುತ್ತಿದ್ದನು. ಡೇವಿಡ್ ಬೆಲಾಸ್ಕೊ 1882ರಲ್ಲಿ ನ್ಯೂಯಾರ್ಕಿಗೆ ಬಂದದ್ದು ಮ್ಯಾಡಿಸನ್ ಸ್ಕ್ವೇರ್ ನಾಟಕಶಾಲೆಯ ರಂಗನಿರ್ವಾಹಕನಾಗಿ. ಮುಂದೆ ಆತನು ಪ್ರಸಿದ್ಧನಾದದ್ದು ನಾಟಕಶಾಲೆಯ ಯಜಮಾನನಾಗಿ. ನಿರ್ದೇಶಕನ ಪದವಿಯು ಪ್ರತ್ಯೇಕವಾದಂತೆಲ್ಲ ರಂಗನಿರ್ವಾಹಕನ ಅಧಿಕಾರವು ಕುಗ್ಗಿ ಹೊಣೆಯು ಮಾತ್ರ ಉಳಿಯಿತು. ಅಧಿಕಾರ ಹೋಗಿ ಹೊಣೆ ಉಳಿದವನಿಗೆ ಸಂಘದ ನೆನಪಾಗುವುದು ಸಹಜವೇ.

ಅತ್ತ ನಟರ ಸ್ಥಿತಿಯೂ ಶೋಚನೀಯವಾಗಿದ್ದಿತು. ವಾರಗಟ್ಟಲೆ ನಡೆಯುವ ಅಭ್ಯಾಸಕ್ಕೆ ಸಂಬಳವಿರಲಿಲ್ಲ. ಉಡುಪನ್ನು ಅನೇಕವೇಳೆ ತಾವೇ ಕೊಂಡುಕೊಳ್ಳಬೇಕಾಗಿದ್ದಿತು. ಪ್ರಯೋಗವು ದೂರದ ಊರಿನಲ್ಲಿ ನಿಂತುಹೋದರೆ ಮನೆಗೆ ಮರಳುವ ಖರ್ಚೂ ಅವರ ಮೇಲೆಯೇ ಬೀಳುತ್ತಿದ್ದಿತು. 1913ನೆಯ ಮೇ 26ರಂದು 112 ಮಂದಿ ನಟರು ನ್ಯೂಯಾರ್ಕಿನಲ್ಲಿ ಸೇರಿ ‘ಆಕ್ಟರ್ಸ್ ಇಕ್ವಿಟಿ ಅಸೋಸಿಯೇಷನ್’ ಎಂಬ ಸಂಘವನ್ನು ಸ್ಥಾಪಿಸಿದರು. ಫ್ರಾನ್ಸಿಸ್ ವಿಲ್ಸನ್ ಅದರ ಮೊದಲ ಅಧ್ಯಕ್ಷನು. ಆರು ವರ್ಷ ಮಾತುಕತೆ ನಡೆದರೂ ಯಜಮಾನರು ಮಣಿಯಲಿಲ್ಲ. 1919ರ ಆಗಸ್ಟ್ 7ರಂದು ಮುಷ್ಕರವು ಆರಂಭವಾಗಿ ಒಂದು ತಿಂಗಳು ನಡೆಯಿತು. ಎಂಟು ನಗರಗಳಿಗೆ ಹರಡಿ 37 ನಾಟಕಗಳನ್ನು ನಿಲ್ಲಿಸಿ, ಇನ್ನು 16 ನಾಟಕಗಳು ಆರಂಭವಾಗದಂತೆ ತಡೆಯಿತು. ರಂಗದ ಕೂಲಿಕೆಲಸಗಾರರೂ ವಾದ್ಯಗಾರರೂ ನಟರ ಪಕ್ಷವನ್ನು ಹಿಡಿದದ್ದರಿಂದಲೇ ಜಯ ದೊರಕಿತೆಂಬುದರಲ್ಲಿ ಸಂಶಯವಿಲ್ಲ. ಹಿಂದೆ ರಂಗನಿರ್ವಾಹಕನಾಗಿದ್ದ ಬೆಲಾಸ್ಕೊ ಈ ಮುಷ್ಕರದಲ್ಲಿ ಯಜಮಾನರ ಕಡೆಗಿದ್ದನು. ನಟನೂ ಯಜಮಾನನೂ ಎರಡೂ ಆಗಿದ್ದ ಜಾರ್ಜ್ ಕೋಹನನಂತೂ ಕಡೆಯವರೆಗೂ ಇಕ್ವಿಟಿಯನ್ನು ಸೇರಲೇ ಇಲ್ಲ.

ಮುಂದೆ ರಂಗನಿರ್ವಾಹಕನಿಗೆ ನೆಲೆ ದೊರೆತದ್ದು ಇದೇ ನಟಸಂಘದಲ್ಲಿ ಎಂಬುದು ಗಮನಿಸತಕ್ಕ ಅಂಶ. ರಂಗದ ಕೂಲಿಕೆಲಸಗಾರರಿಗೆ 1893ರಿಂದಲೇ ಬೇರೆ ಸಂಘವಿದ್ದಿತು; ಅವನು ಅಲ್ಲಿಗೆ ಹೋಗಲಿಲ್ಲ. ಸಣ್ಣ ಮಂಡಲಿಗಳಲ್ಲಿ ಅವನೇ ಒಂದು ಚಿಕ್ಕ ಪಾತ್ರವನ್ನು ವಹಿಸುತ್ತಿದ್ದುದೂ, ಅವನ ದಿನವೆಲ್ಲ ನಟರ ನಡುವೆಯೇ ಕಳೆಯುತ್ತಿದ್ದುದೂ ಇದಕ್ಕೆ ಕಾರಣವೆಂದು ಊಹಿಸಬಹುದು. ಆದರೆ ಅವನ ಸದಸ್ಯತ್ವವು ನಟನ ಸದಸ್ಯತ್ವದಂಥದಲ್ಲ. ಎಂಬತ್ತು ನಿಮಿಷದ ಅಭ್ಯಾಸವಾದ ಮೇಲೆ ಹತ್ತು ನಿಮಿಷದ ವಿರಾಮ ಕೊಡಬೇಕೆಂದು ಕರಾರು ಹೇಳಿದರೆ, ಗಡಿಯಾರವನ್ನು ನೋಡಿ ನಿರ್ದೇಶಕನ ಮಾತನ್ನು ನಡುವೆ ನಿಲ್ಲಿಸಬೇಕಾದವನು ಇವನೇ. ಯಜಮಾನನಿಗೆ ದಿನವಹಿ ವರದಿ ಬರೆಯುವವನೂ ಇವನೇ. ನಟನಿಗೆ ಸಂಘವು ರಕ್ಷೆಯಾದರೆ, ರಂಗನಿರ್ವಾಹಕನಿಗೆ ಅದು ರಕ್ಷೆಯೂ ಹೌದು, ಪ್ರತಿದಿನದ ಕರ್ತವ್ಯವೂ ಹೌದು. ಅನುಭವ ಸಾಲದವನು ಈ ಭಾರವನ್ನು ಹೊತ್ತರೆ ಇಬ್ಬರಿಗೂ ಬೇಡವಾಗುತ್ತಾನೆ.

ಕಾಲದ ಪ್ರಶ್ನೆಯು ತೀವ್ರವಾದದ್ದು ಸಂಘವು ಬಲವಾದ ಮೇಲೆ. ಸದಸ್ಯನಾದವನು ಸಂಘದ ಕರಾರಿಲ್ಲದ ಕಡೆ ಕೆಲಸಮಾಡಕೂಡದೆಂಬುದು ಇಕ್ವಿಟಿಯ ನಿಯಮ. ನ್ಯೂಯಾರ್ಕಿನಲ್ಲಿ ಇದರಿಂದ ನಷ್ಟವು ಅಲ್ಪ. ಕರಾರುಳ್ಳ ನಾಟಕಶಾಲೆ ಒಂದೋ ಎರಡೋ ಇರುವ ಊರಿನಲ್ಲಾದರೆ ಬೇಗನೆ ಸೇರಿದವನು ಇರುವ ಅನ್ನವನ್ನೂ ಕಳೆದುಕೊಳ್ಳಬಹುದು. ತಡಮಾಡಿದವನು ಕಡಮೆ ಸಂಬಳದಲ್ಲಿ, ಆರೋಗ್ಯವಿಮೆಯಿಲ್ಲದೆ, ವರ್ಷಗಳನ್ನು ಕಳೆಯಬೇಕಾಗುತ್ತದೆ. ಇದರ ಮೇಲೆ, ಬಹುಕಾಲ ಸಂಘದ ಬಾಗಿಲೂ ಸುಲಭವಾಗಿ ತೆರೆಯುತ್ತಿರಲಿಲ್ಲ. ಇಕ್ವಿಟಿ ಕರಾರು ದೊರೆತವನು, ಸೋದರ ಸಂಘದ ಸದಸ್ಯನು, ಅಥವಾ ಕರಾರುಳ್ಳ ನಾಟಕಶಾಲೆಗಳಲ್ಲಿ ಉಮೇದುವಾರನಾಗಿ ಗೊತ್ತಾದಷ್ಟು ವಾರ ದುಡಿದವನು ಮಾತ್ರ ಒಳಗೆ ಹೋಗಬಹುದಾಗಿದ್ದಿತು. ಆ ವಾರಗಳು ಮೊದಲು 50 ಇದ್ದು ಅನಂತರ 25ಕ್ಕೆ ಇಳಿದವು.

ಇಂಗ್ಲೆಂಡಿನಲ್ಲಿ ಇದೇ ಬಿಗಿಯಿಂದ ವಿಚಿತ್ರವಾದೊಂದು ಫಲವುಂಟಾಯಿತು. ಅಲ್ಲಿಯ ಇಕ್ವಿಟಿ ಸಂಘವು 1930ರಲ್ಲಿ ಹುಟ್ಟಿತು. ಸಂಘದ ಚೀಟಿಯಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಚೀಟಿಯಿಲ್ಲ ಎಂಬಂತಾದಾಗ, ನಟರಾಗಬೇಕೆಂದಿದ್ದ ಎಷ್ಟೋ ತರುಣರು ಪ್ರಾಂತ್ಯದ ಮಂಡಲಿಗಳಲ್ಲಿ ಸಹಾಯಕ ರಂಗನಿರ್ವಾಹಕರಾಗಿ ಸೇರಿ, ಸಾಮಾನುಗಳನ್ನು ಜೋಡಿಸುತ್ತ, ಒಂದೆರಡು ಮಾತಿನ ಪಾತ್ರವಹಿಸುತ್ತ, ಚೀಟಿಯನ್ನು ಸಂಪಾದಿಸಿದರು. ರಂಗನಿರ್ವಹಣೆಯು ಅವರಿಗೆ ವೃತ್ತಿಯಲ್ಲ, ಹೊಸ್ತಿಲು. ಅದನ್ನೇ ವೃತ್ತಿಯೆಂದು ನಂಬಿದವರಿಗೆ ಇದು ಎಷ್ಟು ಕಹಿಯಾಗಿದ್ದಿರಬೇಕು! 1988 ಮತ್ತು 1990ರ ಶಾಸನಗಳು ಈ ನಿರ್ಬಂಧದ ಬಲವನ್ನು ಮುರಿದವು.

ಅಮೆರಿಕದಲ್ಲಿ ಬಾಗಿಲು ತೆರೆದದ್ದು ಶಾಸನದಿಂದಲ್ಲ, ಸಂಘದ ಸ್ವಂತ ನಿರ್ಣಯದಿಂದ. 2021ರ ಜುಲೈಯಲ್ಲಿ ಇಕ್ವಿಟಿಯು, ನಟನಾಗಿಯೋ ರಂಗನಿರ್ವಾಹಕನಾಗಿಯೋ ಸಂಬಳ ಪಡೆದು ಕೆಲಸಮಾಡಿದ್ದಕ್ಕೆ ಪ್ರಮಾಣ ತೋರಿಸಿದವರೆಲ್ಲರೂ ಸೇರಬಹುದೆಂದು ಸಾರಿತು. ಮೊದಲು ಮಿತಕಾಲಕ್ಕೆಂದು ಮಾಡಿದ ಈ ಏರ್ಪಾಡು 2023ರಲ್ಲಿ ಶಾಶ್ವತವಾಯಿತು. ಯಾರಿಗೆ ಪ್ರವೇಶ ಕೊಡಬೇಕು ಎಂಬುದನ್ನು ಅದುವರೆಗೆ ಬಹುಮಟ್ಟಿಗೆ ಯಜಮಾನನ ಕರಾರೇ ನಿರ್ಣಯಿಸುತ್ತಿದ್ದಿತು. ಈಗ ಆ ನಿರ್ಣಯವು ಕೆಲಸಗಾರನ ಕೈಗೆ ಬಂದಿತು. ಆದರೆ ಕರಾರಿಲ್ಲದ ಕಡೆ ದುಡಿಯಕೂಡದೆಂಬ ಹಳೆಯ ನಿಯಮವು ಹಾಗೆಯೇ ಇದೆ. ಸಣ್ಣ ಊರಿನ ರಂಗನಿರ್ವಾಹಕನು ಅರ್ಜಿಗೆ ಸಹಿ ಹಾಕುವ ಮುನ್ನ ತನ್ನೂರಿನಲ್ಲಿ ಕರಾರುಳ್ಳ ನಾಟಕಶಾಲೆಗಳು ಎಷ್ಟೆಂದು ಈಗಲೂ ಎಣಿಸಿ ನೋಡಬೇಕಾಗಿದೆ.