ಮನೆ ಕಟ್ಟೋ ಮುಂಚೆ ಪರವಾನಗಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಿವಾಸಿಗಳಿಗೆ ಮಾಹಿತಿ

ದಾವಣಗೆರೆ: ‘ಮೊದ್ಲು ಪಾಯ ಹಾಕೋಣ, ಪರವಾನಗಿ ಆಮೇಲೆ ನೋಡಿದ್ರಾಯ್ತು’ ಎಂಬ ಮಾತು ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯ. ಆದರೆ ಮನೆ ಮುಗಿದ ಮೇಲೆ ಕರೆಂಟ್, ಬ್ಯಾಂಕ್ ಸಾಲ, ಮಾರಾಟ ಎಲ್ಲದಕ್ಕೂ ಅದೇ ಕಾಗದ ಅಡ್ಡ ಬರುತ್ತದೆ.

ಪರವಾನಗಿ ಕೊಡೋರು ಯಾರು?
ಪಟ್ಟಣ ವ್ಯಾಪ್ತಿಯಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಕರ್ನಾಟಕ ಪೌರಸಭೆಗಳ ಕಾಯ್ದೆ 1964ರ ಕಲಂ 187ರಂತೆ ಹೊಸ ಮನೆಗೆ ಮಾತ್ರವಲ್ಲ, ಇರುವ ಮನೆ ವಿಸ್ತರಿಸಲೂ ಅನುಮತಿ ಬೇಕು. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ ಕಲಂ 64ರಡಿ ಗ್ರಾಮ ಪಂಚಾಯಿತಿ ಅನುಮತಿ ಕೊಡುತ್ತದೆ.

ಏನೇನು ದಾಖಲೆ ಬೇಕು?
* ನೋಂದಾಯಿತ ಕ್ರಯಪತ್ರ ಅಥವಾ ಹಕ್ಕುಪತ್ರ
* ಇ-ಖಾತಾ, ಚಾಲ್ತಿ ವರ್ಷದ ಕಂದಾಯ ರಸೀದಿ
* ಋಣಭಾರ ಪತ್ರ (ಇಸಿ)
* ನೋಂದಾಯಿತ ಎಂಜಿನಿಯರ್ ಸಹಿ ಮಾಡಿದ ನಕ್ಷೆ
* ಹೊಲ ಬಡಾವಣೆಯಾಗಿದ್ದರೆ ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ

ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಕೆಲಸ ತಡವಾದರೆ ವಿಚಾರಿಸಲು ಅದೇ ಆಧಾರ.

ಬಿ-ಖಾತಾ ಇದ್ದರೆ ಸಾಕೇ?
ಸಾಲದು. ಬೆಂಗಳೂರಿನ ಹೊರಗಿನ ನಗರ, ಪಟ್ಟಣಗಳಲ್ಲಿ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ 2025ರ ಫೆಬ್ರವರಿಯಲ್ಲಿ ಶುರುವಾಯಿತು. 10-09-2024ಕ್ಕಿಂತ ಮುಂಚಿನ ಆಸ್ತಿಗಳಿಗೆ ಇದು ಅನ್ವಯ. ಮೊದಲ ಸಲ ದುಪ್ಪಟ್ಟು ತೆರಿಗೆ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗಲ್ಲ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿದೆ.

ಕರೆಂಟ್ ಸಂಪರ್ಕ
ಸ್ವಾಧೀನ ಪತ್ರ (ಓಸಿ) ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 17-12-2024ರಂದು ಆದೇಶಿಸಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಪ್ರಕಟಿಸಿತು. ಅದು ನಿಮ್ಮ ಮನೆಗೆ ಅನ್ವಯಿಸುತ್ತದೆಯೇ ಎಂದು ಬೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ. ಓಸಿ ವಿನಾಯಿತಿ ಎಂದರೆ ನಕ್ಷೆ ಮಂಜೂರಾತಿ ಬೇಡ ಎಂದಲ್ಲ.

ನೋಟಿಸ್ ಬಂದರೆ?
ಗಾಬರಿ ಬೇಡ, ಸುಮ್ಮನೆ ಕೂರುವುದೂ ಬೇಡ. 13-11-2024ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತೆರವಿಗೆ ಮುನ್ನ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ, ಕಟ್ಟಡಕ್ಕೂ ಅಂಟಿಸಬೇಕು. ಉತ್ತರಿಸಲು ಕನಿಷ್ಠ 15 ದಿನ ಕೊಡಬೇಕು, ಮಾಲೀಕರ ಅಹವಾಲು ಕೇಳಬೇಕು. ತೆರವು ಆದೇಶವಾದ ಮೇಲೂ 15 ದಿನ ಕಾಯಬೇಕು. ಆ ಅವಧಿಯಲ್ಲಿ ಮೇಲ್ಮನವಿ ಹಾಕಬಹುದು, ಇಲ್ಲವೇ ತಾವೇ ತೆರವು ಮಾಡಬಹುದು. ಹೀಗಾಗಿ ನೋಟಿಸ್ ಕೈಗೆ ಬಂದ ದಿನಾಂಕ ಬರೆದಿಟ್ಟುಕೊಳ್ಳಿ, ಉತ್ತರವನ್ನು ಲಿಖಿತವಾಗಿಯೇ ಕೊಡಿ.

ಆದರೆ ರಸ್ತೆ, ಫುಟ್‌ಪಾತ್, ನದಿ, ಕೆರೆ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆ ದಂಡೆಯ ಜಾಗ, ಬೇರೆಡೆ ಕೆರೆ ಅಂಗಳದ ಸೈಟು ಕೊಳ್ಳುವವರು ಇದನ್ನು ಮರೆಯಬಾರದು.

ಸೈಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಪ್ರತಿ ಹಿಡಿದು ಸಂಬಂಧಪಟ್ಟ ಕಚೇರಿಯಲ್ಲಿ ತೋರಿಸಿ ಬನ್ನಿ. ‘ಖಾತೆ ಆಮೇಲೆ ಮಾಡಿಸಿಕೊಡ್ತೀವಿ’ ಎಂಬ ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ.